ತಗಡಿನ ಗೊಂಬೆ, ಕಾಗದದ ಸಾಕ್ಷಿ



ಇತಿಹಾಸವೆಂದೊಡನೆ ನಿಮ್ಮ ನೆನಪಿಗೆ ಬರುವುದು ಶಾಸನ, ವೀರಗಲ್ಲು, ಕೋಟೆ, ಅರಮನೆ. ಶಿವಮೊಗ್ಗದ ಶಿವಪ್ಪನಾಯಕನ ಅರಮನೆಗೆ ಹೋಗಿದ್ದರೆ ಅಲ್ಲಿ ಕೂಡಿಟ್ಟಿರುವ ಕಲ್ಲುಗಳ ಮುಂದೆ ನೀವೂ ನಿಂತಿರುತ್ತೀರಿ. ಆದರೆ ಕೀ ಕೊಟ್ಟರೆ ನಡೆಯುವ ಒಂದು ತಗಡಿನ ಗೊಂಬೆ ಇತಿಹಾಸದ ಆಕರವಾಗಬಲ್ಲುದೇ? ಖಂಡಿತ ಆಗಬಲ್ಲುದು. ಆದರೆ ಅದರ ಜೊತೆಗೆ ಬಂದ ಕಾಗದವೂ ಉಳಿದಿರಬೇಕು. ಜಪಾನಿನ ಹಳೆಯ ರೋಬೋ ಗೊಂಬೆಗಳ ಉದಾಹರಣೆಯಿಂದ ಇದನ್ನು ತಿಳಿದುಕೊಂಡು, ಅನಂತರ ನಮ್ಮ ಭದ್ರಾವತಿಗೆ ಬರೋಣ.

'ರೋಬೋ' ಎಂಬ ಮಾತು ಹುಟ್ಟಿದ್ದು ಜಪಾನಿನಲ್ಲಲ್ಲ. ಜೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ನಾಟಕವೊಂದರಿಂದ ಅದು ಜಗತ್ತಿಗೆಲ್ಲ ಹರಡಿತು. ಜೆಕ್ ಭಾಷೆಯಲ್ಲಿ 'ರೊಬೊತ' ಎಂದರೆ ಒಡೆಯನಿಗೆ ಮಾಡಲೇಬೇಕಾಗಿದ್ದ ಬಿಟ್ಟಿ ಚಾಕರಿ. ದಣಿಯದೆ, ಕೂಲಿ ಕೇಳದೆ ದುಡಿಯುವ ಯಂತ್ರಮಾನವನಿಗೆ ಒಪ್ಪುವ ಹೆಸರು!

1945ರಲ್ಲಿ ಎರಡನೆಯ ಮಹಾಯುದ್ಧ ಮುಗಿದಾಗ ಜಪಾನಿನ ನಗರಗಳು ಬೂದಿಯಾಗಿದ್ದವು. ಕಚ್ಚಾ ಸಾಮಗ್ರಿಗೆ ಎಲ್ಲೆಲ್ಲೂ ಅಭಾವ. ಆ ವರ್ಷದ ಕೊನೆಯ ಹೊತ್ತಿಗೇ ಕ್ಯೋತೋ ಸಮೀಪದ ಓತ್ಸು ಪಟ್ಟಣದಲ್ಲಿ ಕೊಸುಗೆ ಎಂಬ ಗೊಂಬೆ ತಯಾರಕರು, ಅಮೆರಿಕದ ಸೈನಿಕರು ಬಿಸಾಡಿದ ಖಾಲಿ ಡಬ್ಬಿಗಳ ತಗಡಿನಿಂದ ಪುಟ್ಟ ಜೀಪುಗಳನ್ನು ಮಾಡಿ ಮಾರಾಟಕ್ಕೆ ಇಟ್ಟರು. ಗೆದ್ದವರ ಕಸದಿಂದ ಸೋತವರ ಮಕ್ಕಳಿಗೆ ಆಟಿಕೆ! 1947ರಿಂದ ಆಟಿಕೆಗಳ ರಫ್ತಿಗೂ ಅವಕಾಶ ದೊರೆಯಿತು. ಹೊರಗಿನಿಂದ ಆಹಾರ ಧಾನ್ಯ ತರಿಸಿಕೊಳ್ಳಬೇಕಾಗಿದ್ದ ದೇಶಕ್ಕೆ ಆಟಿಕೆ ತಂದುಕೊಡುವ ಡಾಲರು ಸಣ್ಣ ಮಾತಾಗಿರಲಿಲ್ಲ.

ತಗಡಿನ ರೋಬೋ ತಯಾರಿಯ ವಿಧಾನವೂ ತಿಳಿಯತಕ್ಕದ್ದು. ತವರದ ಲೇಪವಿರುವ ತೆಳು ಉಕ್ಕಿನ ಹಾಳೆಯ ಮೇಲೆ ಮೊದಲೇ ಬಣ್ಣದ ಚಿತ್ರಗಳನ್ನು ಅಚ್ಚು ಹಾಕುತ್ತಿದ್ದರು. ಅನಂತರ ಅದನ್ನು ಅಚ್ಚಿನಲ್ಲಿ ಒತ್ತಿ ಕತ್ತರಿಸಿ, ಒಂದು ತುಂಡಿನ ನಾಲಿಗೆಯನ್ನು ಇನ್ನೊಂದರ ಸೀಳಿನಲ್ಲಿ ತೂರಿಸಿ ಮಡಿಸುತ್ತಿದ್ದರು. ಒಳಗೆ ಸ್ಪ್ರಿಂಗು, ಹಲ್ಲುಚಕ್ರ. 1950ರ ದಶಕದಲ್ಲಿ ಬ್ಯಾಟರಿ ಬಂದ ಮೇಲೆ ಗೊಂಬೆಯ ಕಣ್ಣೂ ಮಿನುಗತೊಡಗಿತು.

ಈಗ ಮುಖ್ಯ ವಿಷಯಕ್ಕೆ ಬರೋಣ. 1948–49ರ ಸುಮಾರಿನಲ್ಲಿ ಜಪಾನಿನಲ್ಲಿ ತಯಾರಾದ ಒಂದು ಗೊಂಬೆಯ ಹೆಸರು 'ಅಟಾಮಿಕ್ ರೋಬೋ ಮ್ಯಾನ್'. ಎತ್ತರ ಒಂದು ಗೇಣಿಗಿಂತಲೂ ಕಡಮೆ. ಬರೀ ಗೊಂಬೆಯನ್ನು ನೋಡಿದರೆ ಕೀ ಕೊಟ್ಟಾಗ ನಡೆಯುವ ಮುದ್ದಾದ ಆಟಿಕೆ, ಅಷ್ಟೆ. ಆದರೆ ಅದನ್ನಿಟ್ಟು ಮಾರುತ್ತಿದ್ದ ರಟ್ಟಿನ ಪೆಟ್ಟಿಗೆಯನ್ನು ನೋಡಿ. ಅದರ ಮೇಲಿನ ಚಿತ್ರದಲ್ಲಿ ಹಾಳಾದ ನಗರವೊಂದರ ನಡುವೆ ರೋಬೋ ನಡೆದು ಬರುತ್ತಿದೆ; ಹಿಂದೆ ಅಣುಬಾಂಬಿನ ಅಣಬೆಯಾಕಾರದ ಮೋಡ. ಹಿರೋಷಿಮಾ, ನಾಗಾಸಾಕಿಗಳ ಮೇಲೆ ಬಾಂಬು ಬಿದ್ದು ಇನ್ನೂ ನಾಲ್ಕು ವರ್ಷ ತುಂಬುವುದರೊಳಗೆ, ಅದೇ ದೇಶದವರು ಈ ಚಿತ್ರವನ್ನು ಅಂಟಿಸಿ, ಬಾಂಬು ಹಾಕಿದ ದೇಶದ ಮಕ್ಕಳಿಗೆ ಗೊಂಬೆ ಮಾರುತ್ತಿದ್ದರು. ಯೋಚಿಸಿ ನೋಡಿ: ಪೆಟ್ಟಿಗೆಯನ್ನು ಎಸೆದಿದ್ದರೆ ಈ ಚರಿತ್ರೆಯೂ ಅದರೊಂದಿಗೇ ಹೋಗುತ್ತಿತ್ತಲ್ಲವೇ?

ಕಾಲ ನಿರ್ಣಯಕ್ಕೂ ಕಾಗದವೇ ಆಧಾರ. 'ಆಕ್ರಮಿತ ಜಪಾನಿನಲ್ಲಿ ತಯಾರಾದದ್ದು' ಎಂಬರ್ಥದ ಇಂಗ್ಲಿಷ್ ಮುದ್ರೆ ಇದ್ದರೆ ಆ ವಸ್ತು 1947ರಿಂದ 1952ರ ನಡುವಿನದು. 1952ರಲ್ಲಿ ಜಪಾನ್ ಮತ್ತೆ ಸ್ವತಂತ್ರವಾಯಿತು. ಮುಂದಿನ ವರ್ಷಗಳ ರೋಬೋಗಳ ಮೇಲೆ ಬಹುಮಟ್ಟಿಗೆ ಒಂದೆರಡು ಅಕ್ಷರಗಳು ಮಾತ್ರ ಕಾಣುತ್ತವೆ. 'ಎಸ್.ಎಚ್.' ಎಂದರೆ ಹೊರಿಕಾವಾ, 'ಟಿ.ಎನ್.' ಎಂದರೆ ನೊಮುರಾ, 'ವೈ' ಎಂದರೆ ಯೊನೆಜಾವಾ. ಎಷ್ಟೋ ಗೊಂಬೆಗಳು ಅಮೆರಿಕದ ಆಮದುದಾರರ ಹೆಸರಿನಲ್ಲೇ ಮಾರಾಟವಾದವು. ಹೀಗಿರುವಾಗ ಯಾರು ಮಾಡಿದ್ದು, ಯಾವ ವರ್ಷ, ಬೆಲೆ ಎಷ್ಟು ಎಂದು ಹೇಳುವುದು ಆ ಕಾಲದ ಕೆಟಲಾಗುಗಳೇ. ಅವು ವ್ಯಾಪಾರಿಗಳಿಗೆ ಕಳುಹಿಸುತ್ತಿದ್ದ ಚಿತ್ರಸಹಿತ ಪಟ್ಟಿಗಳು. ಹೊಸ ಪಟ್ಟಿ ಬಂದೊಡನೆ ಹಳೆಯದು ರದ್ದಿ. ಆದ್ದರಿಂದಲೇ ಸಂಗ್ರಾಹಕರು ಇಂದು ಗೊಂಬೆಯಷ್ಟೇ ಆಸ್ಥೆಯಿಂದ ಕೆಟಲಾಗನ್ನೂ ಹುಡುಕುತ್ತಾರೆ. 'ಲಿಲಿಪುಟ್' ಎಂಬ ಹಳದಿ ರೋಬೋ ಯುದ್ಧಕ್ಕೆ ಮೊದಲಿನದೋ ಅನಂತರದ್ದೋ ಎಂಬ ವಾದ ಸಂಗ್ರಾಹಕರಲ್ಲಿ ಬಹುಕಾಲ ನಡೆದಿದೆ.

ಮುಂದೆ ಪ್ಲಾಸ್ಟಿಕ್ ಬಂತು. 1949ರಿಂದ ಡಾಲರಿಗೆ 360 ಯೆನ್ ಎಂದು ನಿಗದಿಯಾಗಿದ್ದ ದರ 1971ರಲ್ಲಿ ಕೊನೆಗೊಂಡು ಜಪಾನಿನ ಸರಕು ತುಟ್ಟಿಯಾಯಿತು. ತಗಡಿನ ರೋಬೋಗಳ ಕಾಲ ಮುಗಿಯಿತು. ಅವು ಪೂರ್ತಿ ಕಣ್ಮರೆಯಾಗಲಿಲ್ಲವೆಂದರೆ ಅದಕ್ಕೆ ಸಂಗ್ರಾಹಕರೇ ಕಾರಣ. ಅವರಲ್ಲೊಬ್ಬರಾದ ತೆರುಹಿಸಾ ಕಿತಾಹಾರಾ 1986ರಲ್ಲಿ ಯೊಕೊಹಾಮದಲ್ಲಿ ತಗಡಿನ ಆಟಿಕೆಗಳ ವಸ್ತುಸಂಗ್ರಹಾಲಯವನ್ನೇ ತೆರೆದರು.

'ಇದೆಲ್ಲ ದೂರದ ಜಪಾನಿನ ಮಾತಾಯಿತು, ನಮಗೇನು?' ಎಂದು ನೀವು ಕೇಳಬಹುದು. ತಗಡಿಗೆ ಬೇಕಾದದ್ದು ಉಕ್ಕು, ಕೆಟಲಾಗಿಗೆ ಬೇಕಾದದ್ದು ಕಾಗದ. ಈ ಎರಡನ್ನೂ ತಯಾರಿಸಿದ ಊರು ಶಿವಮೊಗ್ಗದ ಪಕ್ಕದಲ್ಲೇ ಇದೆ. 1898ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಕೈಗಾರಿಕೆ, ಶಿಕ್ಷಣಗಳನ್ನು ಕಣ್ಣಾರೆ ಕಂಡು ಬಂದವರು ಸರ್ ಎಂ. ವಿಶ್ವೇಶ್ವರಯ್ಯನವರು. ಅವರ ಪ್ರಯತ್ನದಿಂದ ರೂಪುಗೊಂಡ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಹತ್ತಿರದಲ್ಲಿ ಕಲ್ಲಿದ್ದಲು ಇಲ್ಲದ್ದರಿಂದ ಮಲೆನಾಡಿನ ಕಟ್ಟಿಗೆಯ ಇದ್ದಿಲಿನಿಂದಲೇ ಅಲ್ಲಿ ಅದಿರು ಕರಗಿಸಿದರು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಇಂದು ಕಾಗದ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳೇ ಕಳೆದಿವೆ. ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ಮಾತು 2023ರಲ್ಲಿ ಬಂದಾಗ ಕಾರ್ಮಿಕರು ಧರಣಿ ಕುಳಿತರು.

ಕಾರ್ಖಾನೆಯ ದೊಡ್ಡ ಕಡತಗಳನ್ನು ಸರ್ಕಾರ ಉಳಿಸೀತು. ಆದರೆ ಅಲ್ಲಿ ದುಡಿದವರ ಬಾಳು ಇರುವುದು ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲಿ: ಅಜ್ಜನ ಸಂಬಳದ ಚೀಟಿ, ಹಾಜರಿಯ ಬಿಲ್ಲೆ, ಹಳೆಯ ಕ್ಯಾಲೆಂಡರು, ಬೆಲೆಪಟ್ಟಿ, ಸ್ಮರಣ ಸಂಚಿಕೆ. ಮನೆಗೆ ಸುಣ್ಣ ಬಳಿಯುವಾಗ ಇವು ಗುಜರಿಯವನ ತಕ್ಕಡಿಗೆ ಹೋಗುತ್ತವೆ. ಅಲ್ಲಿ ಅವುಗಳಿಗೆ ಸಿಗುವುದು ತೂಕದ ಬೆಲೆ ಮಾತ್ರ.

ಆದ್ದರಿಂದ ನಿಮ್ಮಲ್ಲಿ ಒಂದು ಮನವಿ. ಶಿವಮೊಗ್ಗದ ಸಮೀಪ ಲಕ್ಕಿನಕೊಪ್ಪದಲ್ಲಿ ಎಚ್. ಖಂಡೋಬರಾವ್ ಅವರು ಕಟ್ಟಿರುವ 'ಅಮೂಲ್ಯ ಶೋಧ'ಕ್ಕೆ ಒಮ್ಮೆ ಹೋಗಿ ಬನ್ನಿ. ನಾಣ್ಯಗಳನ್ನೂ ಹಳೆಯ ಕಾಲದ ಮನೆಬಳಕೆಯ ಸಾಮಾನುಗಳನ್ನೂ ಆಸಕ್ತಿಯಿಂದ ಕೂಡಿಟ್ಟರೆ ಏನಾಗಬಲ್ಲುದೆಂದು ಅಲ್ಲಿ ತಿಳಿಯುತ್ತದೆ. ಅನಂತರ ನಿಮ್ಮ ಮನೆಯ ಟ್ರಂಕನ್ನು ತೆರೆಯಿರಿ. ಸಿಕ್ಕಿದ ವಸ್ತು ಯಾರದು, ಯಾವಾಗಿನದು, ಹೇಗೆ ಬಳಸುತ್ತಿದ್ದರು ಎಂದು ಹಿರಿಯರನ್ನು ಕೇಳಿ, ಒಂದು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಜೊತೆಗಿಡಿ. ತಗಡಿನ ವಸ್ತುವನ್ನು ಹೊಳಪಿಗಾಗಿ ಉಜ್ಜಬೇಡಿ, ಬಣ್ಣ ಹೋದೀತು. ಬ್ಯಾಟರಿ ಇದ್ದರೆ ತೆಗೆದುಬಿಡಿ. ಮಲೆನಾಡಿನ ಮಳೆಗಾಲದಲ್ಲಿ ತಗಡಿಗೆ ತುಕ್ಕು, ಕಾಗದಕ್ಕೆ ಬೂಷ್ಟು ತಪ್ಪಿದ್ದಲ್ಲ. ಒಣ ಜಾಗ ನೋಡಿ ಇಡಿ.

ಅಜ್ಜನ ನೆನಪು ಚೆನ್ನಾಗಿರುವಾಗಲೇ ಈ ಕೆಲಸ ಆಗಬೇಕು. ವಸ್ತು ಮುಂದಿನ ವರ್ಷವೂ ಟ್ರಂಕಿನಲ್ಲಿ ಇದ್ದೀತು. ಅದರ ಕಥೆ ಹೇಳುವವರು ಇರುತ್ತಾರೆಂದು ಹೇಳಲಾಗದು.