ಇಂಗ್ಲಿಷು ಕಳೆದುಕೊಂಡ ‘ನೀನು’



ನಾನು ಇಂಗ್ಲಿಷು ಕಲಿಸುತ್ತಿದ್ದ ಕಾಲದಲ್ಲಿ ಪ್ರತಿವರ್ಷವೂ ತಪ್ಪದೆ ಎದುರಾಗುತ್ತಿದ್ದ ಪ್ರಶ್ನೆಗಳು ಎರಡು. ಮೊದಲನೆಯದು: ಚಿಕ್ಕ ತಮ್ಮನಿಗೂ ‘ಯೂ’, ಹೆಡ್‌ಮಾಸ್ತರರಿಗೂ ‘ಯೂ’, ಈ ಭಾಷೆಯಲ್ಲಿ ಮರ್ಯಾದೆ ಎಂಬುದೇ ಇಲ್ಲವೇ? ಎರಡನೆಯದು: ಎದುರಿಗಿರುವವನು ಒಬ್ಬನೇ ಆದರೂ ‘ಯೂ ಆರ್’ ಎನ್ನಬೇಕೇಕೆ, ‘ಯೂ ಈಸ್’ ಎನ್ನಬಾರದೇಕೆ? ಎರಡಕ್ಕೂ ಉತ್ತರ ಒಂದೇ. ‘ಯೂ’ ಎಂದರೆ ‘ನೀನು’ ಅಲ್ಲ, ‘ನೀವು’. ಇಂಗ್ಲಿಷಿನ ‘ನೀನು’ ಕಾಲಗರ್ಭದಲ್ಲಿ ಅಡಗಿಹೋಯಿತು. ಅದರ ಕಥೆ ಹೀಗಿದೆ.

ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಒಬ್ಬನಿಗೆ ‘ದೌ’, ಹಲವರಿಗೆ ‘ಯೀ’ ಎಂಬುದಕ್ಕೆ ಮೂಲವಾದ ರೂಪಗಳಿದ್ದವು. ‘ಯೂ’ ಆಗ ‘ನಿಮ್ಮನ್ನು, ನಿಮಗೆ’ ಎಂಬ ಅರ್ಥದ ವಿಭಕ್ತಿರೂಪ ಮಾತ್ರ. ಅದು ಕರ್ತೃಸ್ಥಾನಕ್ಕೆ ಏರಿ ‘ಯೀ’ಯನ್ನು ಹೊರದೂಡಿದ್ದು ಬಹಳ ತಡವಾಗಿ. ಆ ಕಾಲದಲ್ಲಿ ಅರಸನಾಗಲಿ ಆಳಾಗಲಿ, ಒಬ್ಬನೆಂದರೆ ಏಕವಚನವೇ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅರಮನೆಯ ಭಾಷೆ ಫ್ರೆಂಚ್ ಆಯಿತು. ದೊಡ್ಡವರನ್ನು ಬಹುವಚನದಲ್ಲಿ ಸಂಬೋಧಿಸುವ ಫ್ರೆಂಚ್ ಪದ್ಧತಿ 13ನೆಯ ಶತಮಾನದಿಂದೀಚೆಗೆ ಇಂಗ್ಲಿಷಿನಲ್ಲಿಯೂ ಬೇರೂರಿತು. ಹೀಗೆ ಇಂಗ್ಲಿಷರ ನಡುವೆಯೂ ನಮ್ಮಂತೆಯೇ ‘ನೀನು–ನೀವು’ಗಳ ಲೆಕ್ಕಾಚಾರ ಆರಂಭವಾಯಿತು.

ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ನಲ್ಲಿ ತಾಯಿ ಮಗನನ್ನು ಮೊದಲು ಏಕವಚನದಲ್ಲಿ ಆಕ್ಷೇಪಿಸುತ್ತಾಳೆ. ಮಗ ಬಹುವಚನದಲ್ಲಿ ತಿರುಗಿ ಚುಚ್ಚುತ್ತಾನೆ. ಮರುಕ್ಷಣವೇ ಆಕೆಯೂ ಬಹುವಚನಕ್ಕೆ ಜಾರುತ್ತಾಳೆ. ಇದರ ಸ್ವಾರಸ್ಯವನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಮುನಿದ ತಾಯಂದಿರು ಮಕ್ಕಳಿಗೆ ‘ತಾವು ದೊಡ್ಡವರು’ ಎನ್ನುವುದನ್ನು ನಾವೆಲ್ಲರೂ ಕೇಳಿದವರೇ.

ಏಕವಚನವು ಅವಮಾನದ ಆಯುಧವೂ ಆಗಿತ್ತು. 1603ರಲ್ಲಿ ಸರ್ ವಾಲ್ಟರ್ ರಾಲೆಯ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ, ಸರ್ಕಾರದ ಪರ ವಾದಿಸಿದ ಎಡ್ವರ್ಡ್ ಕೋಕ್ ಅವನನ್ನು ಬೇಕೆಂದೇ ‘ದೌ’ ಎಂದು ಹಂಗಿಸಿದನು.

ಇದಕ್ಕೆ ತಿರುಗಿ ನಿಂತವರು ಜಾರ್ಜ್ ಫಾಕ್ಸನ ಅನುಯಾಯಿಗಳಾದ ಕ್ವೇಕರರು. ದೇವರನ್ನೇ ಏಕವಚನದಲ್ಲಿ ಪ್ರಾರ್ಥಿಸುವಾಗ ಮನುಷ್ಯನಿಗೇಕೆ ಬಹುವಚನದ ಮುಖಸ್ತುತಿ ಎಂಬುದು ಅವರ ವಾದ. ನ್ಯಾಯಾಧೀಶನಿಗೂ ಅವರು ‘ದೌ’ ಎಂದರು. ಬೈಗುಳ, ಪೆಟ್ಟುಗಳನ್ನು ಸಹಿಸಿದರು. 1660ರಲ್ಲಿ ಫಾಕ್ಸ್ ತನ್ನ ಸಂಗಡಿಗರೊಡನೆ, ಹಲವು ಭಾಷೆಗಳ ಉದಾಹರಣೆಗಳನ್ನಿತ್ತು, ಏಕವಚನದ ಸಮರ್ಥನೆಗಾಗಿಯೇ ಒಂದು ಗ್ರಂಥವನ್ನು ಪ್ರಕಟಿಸಿದನು. ಕುರುಡನಾದ ಮಿಲ್ಟನ್ ಕವಿಗೆ ಪುಸ್ತಕ ಓದಿ ಹೇಳುತ್ತಿದ್ದ ಥಾಮಸ್ ಎಲ್‌ವುಡ್ ಎಂಬ ತರುಣನೂ ಕ್ವೇಕರನೇ. ಅವನು ತಂದೆಯನ್ನು ‘ದೌ’ ಎಂದಾಗ, ಇನ್ನೊಮ್ಮೆ ಹಾಗೆಂದರೆ ಹಲ್ಲುದುರಿಸುವೆನೆಂದು ತಂದೆ ಗದರಿದನಂತೆ. ಒಂದು ಸರ್ವನಾಮ ತಂದೆ-ಮಕ್ಕಳ ನಡುವೆ ಗೋಡೆಯಾಯಿತು!

ಕ್ವೇಕರರು ಬಯಸಿದ ಸಮಾನತೆ ಬಂದಿತು, ಆದರೆ ಎದುರು ದಿಕ್ಕಿನಿಂದ. ಎಲ್ಲರೂ ‘ನೀನು’ ಆಗಲಿಲ್ಲ. ಎಲ್ಲರೂ ‘ನೀವು’ ಆದರು. ಅಪರಿಚಿತನ ಅಂತಸ್ತು ತಿಳಿಯದಿದ್ದಾಗ ‘ಯೂ’ ಎನ್ನುವುದೇ ಕ್ಷೇಮವೆಂದು ಜನರಿಗೆ ತೋರಿರಬೇಕು. 17ನೆಯ ಶತಮಾನ ಮುಗಿಯುವ ವೇಳೆಗೆ ಪೇಟೆಯ ಶಿಷ್ಟ ಮಾತಿನಲ್ಲಿ ‘ದೌ’ ಅಪರೂಪವಾಯಿತು. ಯಾರ್ಕ್‌ಷೈರಿನಂತಹ ಸೀಮೆಗಳ ಹಳ್ಳಿಗರ ನುಡಿಯಲ್ಲಿ ಮಾತ್ರ ಬಹುಕಾಲ ಉಳಿಯಿತು. ಬಹುವಚನದ ‘ಯೂ’ ತನ್ನೊಡನೆ ಬಹುವಚನದ ‘ಆರ್’ ಅನ್ನೂ ತಂದಿತು. ನಾವು ಒಬ್ಬರೇ ಮೇಷ್ಟರಿಗೆ ‘ಬಂದಿರಿ’ ಎನ್ನುವುದಿಲ್ಲವೇ, ಹಾಗೆ. 18ನೆಯ ಶತಮಾನದಲ್ಲಿ ಒಬ್ಬನಿಗಾದರೆ ‘ಯೂ ವಾಸ್’ ಎಂದು ಬರೆದವರೂ ಇದ್ದರು. 1762ರ ತನ್ನ ವ್ಯಾಕರಣದಲ್ಲಿ ರಾಬರ್ಟ್ ಲೌತ್ ಅದನ್ನು ತಪ್ಪೆಂದು ಖಂಡಿಸಿದನು.

1611ರ ಬೈಬಲ್ ಅನುವಾದದಲ್ಲಿ ‘ದೌ’ ಇರುವುದರಿಂದ, ಅದು ಬಹು ಗೌರವದ ಪದವೆಂದು ಇಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ಅಲ್ಲಿ ದೇವರಿಗೂ ‘ದೌ’, ಸೈತಾನನಿಗೂ ‘ದೌ’. ಅದು ಬರಿಯ ಏಕವಚನ.

ಆದ್ದರಿಂದ ಇಂಗ್ಲಿಷು ಮರ್ಯಾದೆಯಿಲ್ಲದ ಭಾಷೆಯಲ್ಲ. ಎಲ್ಲರಿಗೂ ಮರ್ಯಾದೆಯನ್ನೇ ಕೊಟ್ಟು ಸಲಿಗೆಯನ್ನು ಕಳೆದುಕೊಂಡ ಭಾಷೆ. ನಮ್ಮಲ್ಲಿ ಎರಡೂ ಉಳಿದಿವೆ. ಬಸವಣ್ಣನವರು ಕೂಡಲಸಂಗಮನನ್ನು ಏಕವಚನದಲ್ಲಿಯೂ ಕರೆದರು. ನಾವು ತಾಯಿಯನ್ನು ಕರೆಯುವುದೂ ಹಾಗೆಯೇ. ಹೊರದೇಶದಲ್ಲಿ ಬೆಳೆಯುತ್ತಿರುವ ನಮ್ಮ ಮೊಮ್ಮಕ್ಕಳು ಊರಿಗೆ ಬಂದಾಗ ಹಿರಿಯರೆಲ್ಲರನ್ನೂ ‘ನೀನು’ ಎಂದರೆ ದಯವಿಟ್ಟು ಗದರಬೇಡಿ. ಅವರ ಕಿವಿಗೆ ಬಿದ್ದಿರುವುದು ಒಂದೇ ಪದ. ‘ನೀವು’ ಎಲ್ಲಿ, ‘ನೀನು’ ಎಲ್ಲಿ ಎಂಬುದನ್ನು ತಾಳ್ಮೆಯಿಂದ ಹೇಳಿಕೊಡಿ. ಅಜ್ಜಿಗೆ ಮಾತ್ರ ಅವರು ‘ನೀನು’ ಎಂದೇ ಅನ್ನುತ್ತಿರಲಿ.