ಯಂತ್ರವೂ ತಟ್ಟೆಯೂ: ಕೊಣ್ಣೂರು ಸೀಮೆಯ ಕಿರಿಯ ಶಾಲೆಗಳಲ್ಲಿ ಡಿಜಿಟಲ್ ಸಾಧನಗಳ ಸ್ಥಾನವನ್ನು ಕುರಿತು

ಸಾಧನಸಂಪತ್ತಿಲ್ಲದ ಪ್ರಾಥಮಿಕ ಶಾಲೆಗಳಲ್ಲಿ ಡಿಜಿಟಲ್ ತಂತ್ರಜ್ಞಾನದ ಉಪಯೋಗವನ್ನು ಕುರಿತು ಈಚೆಗೆ ನಡೆಯುತ್ತಿರುವ ಚರ್ಚೆಗಳು ಬಹುಮಟ್ಟಿಗೆ ಯಂತ್ರದ ಗುಣಸ್ತೋತ್ರದಿಂದ ಆರಂಭವಾಗಿ ಅದರ ಅಭಾವದ ಪರಿತಾಪದಲ್ಲಿ ಮುಗಿಯುತ್ತವೆ. ಆ ಯಂತ್ರವು ಶಾಲೆಯ ಹೊಸ್ತಿಲನ್ನು ದಾಟಿ ಒಳಗೆ ಬಂದ ಮೇಲೆ ಯಾವ ಮೂಲೆಯಲ್ಲಿ ಕೂರುತ್ತದೆ, ಎಷ್ಟು ಕಾಲ ಬಾಳುತ್ತದೆ, ಯಾರ ವೇಳೆಯನ್ನು ಕಸಿದು ಯಾರಿಗೆ ಕೊಡುತ್ತದೆ ಎಂಬ ವಿಚಾರವು ಅಲಕ್ಷಿತವಾಗಿಯೇ ಉಳಿದುಬಿಡುತ್ತದೆ. ಪ್ರಸ್ತುತ ಲೇಖನವು ಈ ವಿಚಾರವನ್ನು ಗದಗ ಜಿಲ್ಲೆಯ ನರಗುಂದ ತಾಲೂಕಿನ ಕೊಣ್ಣೂರನ್ನು ನಡುವಿನಲ್ಲಿರಿಸಿಕೊಂಡು ಪರಿಶೀಲಿಸುವ ಪ್ರಯತ್ನವಾಗಿದೆ. ಒಬ್ಬರೇ ಗುರುಗಳು ಮೂರು ತರಗತಿಗಳನ್ನು ಒಂದೇ ಕೊಠಡಿಯಲ್ಲಿ ನಡೆಸಬೇಕಾದ ಶಾಲೆಯಲ್ಲಿ ಯಂತ್ರಕ್ಕೆ ಸಲ್ಲತಕ್ಕ ಸ್ಥಾನವು ನಲಿ-ಕಲಿ ಎಂಬ ಬೋಧನಾಪದ್ಧತಿಯಲ್ಲಿ ಮಕ್ಕಳ ಐದು ಗುಂಪುಗಳ ನಡುವೆ ಇರುವ ತಟ್ಟೆಗಳ ಪೈಕಿ ಒಂದೆಂಬುದು, ಇಡೀ ಕೊಠಡಿಯನ್ನು ತನ್ನೆಡೆಗೆ ತಿರುಗಿಸಿಕೊಳ್ಳುವ ಗೋಡೆಯ ಪರದೆಯಾಗಿ ಅದನ್ನು ನಿಲ್ಲಿಸುವುದು ಆ ಶಾಲೆಯ ಸ್ವಭಾವಕ್ಕೆ ವಿರುದ್ಧವೆಂಬುದು ನನ್ನ ಪ್ರತಿಪಾದನೆ.

ಕೊಣ್ಣೂರು ಮಲಪ್ರಭೆಯ ದಕ್ಷಿಣ ದಂಡೆಯ ಊರು. ಗೋಕಾಕದ ಸಮೀಪದ ಕೊಣ್ಣೂರು ಬೇರೆ. ಎರಡನ್ನೂ ಬೆರೆಸಿದ ಬರಹಗಳು ಉಂಟಾದುದರಿಂದ ಇಷ್ಟು ಹೇಳಬೇಕಾಯಿತು. ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿಯು ಇಲ್ಲಿ ನದಿಯನ್ನು ದಾಟಿ ಬಾದಾಮಿ ತಾಲೂಕನ್ನು ಹೊಗುತ್ತದೆ. ಸುತ್ತಲೂ ಎರೆಯ ಹೊಲಗಳು. ಶಾಸನಾಭ್ಯಾಸಿಗಳಿಗೆ ಈ ಊರು ಹೊಸದಲ್ಲ. ರಾಷ್ಟ್ರಕೂಟ ಅಮೋಘವರ್ಷನು ಶಕವರ್ಷ 782ರಲ್ಲಿ, ಎಂದರೆ ಕ್ರಿ.ಶ. 860ರಲ್ಲಿ, ತನ್ನ ಸಾಮಂತನಾದ ಬಂಕೇಯನು ಕೊಳನೂರಿನಲ್ಲಿ, ಎಂದರೆ ಇದೇ ಕೊಣ್ಣೂರಿನಲ್ಲಿ, ಕಟ್ಟಿಸಿದ ಜಿನಾಲಯಕ್ಕೆ ದತ್ತಿ ಬಿಟ್ಟುದನ್ನು ಹೇಳುವ ಶಿಲಾಶಾಸನವು ಇಲ್ಲಿಯದು. ಆದರೆ ಆ ಕಲ್ಲಿನ ಬರಹವು ಅಮೋಘವರ್ಷನ ಕಾಲದ್ದಲ್ಲ, ತಾಮ್ರಪಟದಲ್ಲಿದ್ದ ಪಾಠವನ್ನು ಮೇಘಚಂದ್ರ ತ್ರೈವಿದ್ಯನ ಶಿಷ್ಯನಾದ ವೀರನಂದಿಯು ಶತಮಾನಗಳ ತರುವಾಯ ಕಲ್ಲಿಗೇರಿಸಿದನೆಂದು ಶಾಸನವೇ ತಿಳಿಸುತ್ತದೆ. ವಿದ್ವಾಂಸರು ಈ ಪ್ರತಿಯ ಪ್ರಾಮಾಣ್ಯವನ್ನು ಶಂಕಿಸಿದ್ದುಂಟು. ಅದು ಇಲ್ಲಿಯ ವಿಷಯವಲ್ಲ. ಬರಹವೊಂದು ಉಳಿಯಬೇಕಾದರೆ ಹಳೆಯ ಮಾಧ್ಯಮದಿಂದ ಹೊಸದಕ್ಕೆ ಅದನ್ನು ಹೊತ್ತು ಸಾಗಿಸುವವನೊಬ್ಬನು ನಿಯತವಾಗಿ ಬೇಕೆಂಬುದಷ್ಟೇ ನಮಗೆ ಪ್ರಸ್ತುತ.

ಯಂತ್ರದ ಪಾಠವು ಈ ಊರಿನ ಎದುರಿನ ದಂಡೆಯ ಜಿಲ್ಲೆಗೆ ಅರ್ಧ ಶತಮಾನದ ಹಿಂದೆಯೇ ಬಂದಿತ್ತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ನೆರವಿನಿಂದ ಇಸ್ರೋ ನಡೆಸಿದ ‘ಸೈಟ್’ ಎಂಬ ದೂರದರ್ಶನ ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2400 ಗ್ರಾಮಗಳು ಆಯ್ಕೆಯಾದಾಗ ಕರ್ನಾಟಕದಿಂದ ಸೇರಿದ್ದು ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು. ಮಲಪ್ರಭೆಯ ಆಚೆಯ ದಂಡೆಯು ಆಗ ಬಿಜಾಪುರ ಜಿಲ್ಲೆ, ಈಚೆಯದು ಧಾರವಾಡ ಜಿಲ್ಲೆ (ಗದಗ ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ). ಹೀಗೆ ಒಂದು ಹೊಳೆಯ ಅಗಲದಷ್ಟು ಅಂತರದಿಂದ ಕೊಣ್ಣೂರು ಆ ಪ್ರಯೋಗದ ಹೊರಗೆ ಉಳಿಯಿತು. ತಂತಿಜಾಲದ ದೊಡ್ಡ ಆಂಟೆನಾ ನೆಟ್ಟ ಗ್ರಾಮಗಳ ಶಾಲೆಗಳಲ್ಲಿ ಮುಂಜಾನೆ ಇಪ್ಪತ್ತೆರಡೂವರೆ ನಿಮಿಷದ ಕನ್ನಡ ಕಾರ್ಯಕ್ರಮವನ್ನು ಮಕ್ಕಳು ನೋಡಿದರು. ತರುವಾಯದ ಮೌಲ್ಯಮಾಪನಗಳು ಮಕ್ಕಳ ಭಾಷಾಸಾಮರ್ಥ್ಯದಲ್ಲಿಯೂ ಅರಿವಿನ ಕುತೂಹಲದಲ್ಲಿಯೂ ವೃದ್ಧಿಯನ್ನು ಕಂಡವಾದರೂ ಶಾಲೆಯ ಪಾಠಗಳ ಸಾಧನೆಯಲ್ಲಿ ಗಣ್ಯವಾದ ವ್ಯತ್ಯಾಸವನ್ನು ಕಾಣಲಿಲ್ಲ. ಈ ಫಲಿತಾಂಶವನ್ನು ನಾನು ನಿರಾಶಾದಾಯಕವೆಂದು ಎಣಿಸುವುದಿಲ್ಲ. ವರ್ಷ ಕಳೆಯುತ್ತಲೇ ಉಪಗ್ರಹವನ್ನು ಅದರ ಒಡೆಯರು ತಿರುಗಿಸಿಕೊಂಡು ಹೋದರೆಂಬುದು, ಎಂದರೆ ಗುರುಗಳು ಸಾಧನಕ್ಕೆ ಹೊಂದಿಕೊಳ್ಳುವ ಮುನ್ನವೇ ಸಾಧನವು ಆಕಾಶದಿಂದ ಸರಿದುಹೋಯಿತೆಂಬುದು ಹೆಚ್ಚು ವಿಚಾರಾರ್ಹ.

ಇದೇ ಕಥೆ ಮುಂದೆಯೂ ನಡೆಯಿತು. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟೆಯಿಂದ ಹಾರಿದ ಎಡುಸ್ಯಾಟ್ ಶಿಕ್ಷಣಕ್ಕೆಂದೇ ಮೀಸಲಾದ ಉಪಗ್ರಹವಾಗಿದ್ದು, ಪ್ರಾಥಮಿಕ ಶಾಲೆಗಳ ಮಟ್ಟಿಗೆ ಚಾಮರಾಜನಗರ ಜಿಲ್ಲೆಯು ಅದರ ಮೊದಲ ಪ್ರಯೋಗಭೂಮಿಯಾಯಿತು. 2010ರಲ್ಲಿ ಆ ಉಪಗ್ರಹವು ಸೇವೆಯಿಂದ ನಿವೃತ್ತವಾಯಿತು. 2001ರ ಸುಮಾರಿಗೆ ‘ಮಾಹಿತಿ ಸಿಂಧು’ ಯೋಜನೆಯಿಂದ ಸರಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರು ಬಂದಿತು; ಪ್ರಾಥಮಿಕ ಶಾಲೆಗಳಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಸರಕಾರದೊಡಗೂಡಿ ಕಂಪ್ಯೂಟರ್ ಆಧಾರಿತ ಕಲಿಕಾಕೇಂದ್ರಗಳನ್ನು ತೆರೆದು ಕನ್ನಡದಲ್ಲಿ ಪಾಠದ ಸಿ.ಡಿ.ಗಳನ್ನು ಸಿದ್ಧಪಡಿಸಿತು. ಅನಂತರದ ವರ್ಷಗಳಲ್ಲಿ ಪ್ರತಿಷ್ಠಾನವೇ ಕಂಪ್ಯೂಟರಿಗಿಂತ ಶಿಕ್ಷಕರ ಸಾಮರ್ಥ್ಯದ ಕಡೆಗೆ ತನ್ನ ಗಮನವನ್ನು ಹೊರಳಿಸಿದ್ದು ಆ ಅನುಭವದ ಫಲ. ಸಿ.ಡಿ. ಓದುವ ಡ್ರೈವೇ ಇಲ್ಲದ ಲ್ಯಾಪ್‌ಟಾಪುಗಳ ಕಾಲ ಬಂದಾಗ ಆ ಕನ್ನಡ ಪಾಠಗಳನ್ನು ಹೊಸ ಮಾಧ್ಯಮಕ್ಕೆ ಸಾಗಿಸುವ ವೀರನಂದಿಗಳು ಶಾಲೆಗಳಲ್ಲಿ ಇರಲಿಲ್ಲ.

ಆ ಕಾಲದ ಒಂದು ಶೋಧವು ಮಾತ್ರ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಗ್ರಾಮೀಣ ಶಾಲೆಗಳಲ್ಲಿ ಒಂದು ಕಂಪ್ಯೂಟರಿನ ಮುಂದೆ ಐದಾರು ಮಕ್ಕಳು ಮುಗಿಬೀಳುವುದನ್ನೂ ಅವರಲ್ಲಿ ಒಬ್ಬ ಗಟ್ಟಿಗನು, ಪ್ರಾಯಃ ಮೇಲ್ವರ್ಗದ ಮನೆಯ ಹುಡುಗನೋ ವಯಸ್ಸಿನಲ್ಲಿ ಹಿರಿಯನೋ, ಮೌಸನ್ನು ಹಿಡಿದು ಉಳಿದವರನ್ನು ಪ್ರೇಕ್ಷಕರನ್ನಾಗಿಸುವುದನ್ನೂ ಕಂಡ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದ ಉದಯಸಿಂಗ್ ಪವಾರ, ಜೋಯೋಜೀತ್ ಪಾಲ್, ಕೆಂಟಾರೋ ಟೊಯಾಮಾ ಮೊದಲಾದವರು 2006ರ ಸುಮಾರಿಗೆ ಒಂದೇ ಕಂಪ್ಯೂಟರಿಗೆ ಹಲವು ಮೌಸುಗಳನ್ನು ಜೋಡಿಸಿ, ಪ್ರತಿಯೊಂದು ಮಗುವಿಗೂ ಬೇರೆ ಬಣ್ಣದ ಬಾಣದ ಗುರುತನ್ನು ಪರದೆಯ ಮೇಲೆ ಕೊಟ್ಟರು. ಮೊದಲು ಒತ್ತಿದವನೇ ಗೆದ್ದನೆಂಬ ನಿಯಮವಿದ್ದರೆ ಮಕ್ಕಳು, ವಿಶೇಷವಾಗಿ ಗಂಡುಮಕ್ಕಳು, ಓದದೆಯೇ ಒತ್ತುವರು. ಎಲ್ಲರೂ ಒತ್ತಿದ ಹೊರತು ಮುಂದೆ ಸಾಗದೆಂಬ ನಿಯಮವಿದ್ದರೆ ಪರಸ್ಪರ ಮಾತಾಡಿಕೊಂಡು ಕಲಿಯುವರು. ಯಂತ್ರ ಒಂದೇ, ನಿಯಮ ಬೇರೆ, ಫಲವೂ ಬೇರೆ. ಇದೇ ಟೊಯಾಮಾ 2015ರ ತಮ್ಮ ಗ್ರಂಥದಲ್ಲಿ, ತಂತ್ರಜ್ಞಾನವು ಇರುವ ಶಕ್ತಿಯನ್ನು ಹಿಗ್ಗಿಸಬಲ್ಲುದೇ ಹೊರತು ಇಲ್ಲದ ಶಕ್ತಿಯನ್ನು ಸೃಷ್ಟಿಸಲಾರದೆಂದು ವಾದಿಸಿದರು. ಪೆರು ದೇಶದ 319 ಗ್ರಾಮೀಣ ಶಾಲೆಗಳಲ್ಲಿ ಮಗುವಿಗೊಂದು ಲ್ಯಾಪ್‌ಟಾಪು ಹಂಚಿದ ಯೋಜನೆಯನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟವಾದ ಅಧ್ಯಯನವು ಗಣಿತ ಹಾಗೂ ಭಾಷೆಯ ಪರೀಕ್ಷೆಗಳಲ್ಲಿ ಏರಿಕೆಯನ್ನು ಕಾಣದಿದ್ದುದು ಈ ಮಾತಿಗೆ ಒತ್ತಾಸೆಯಾಗಿದೆ.

ಕೋವಿಡ್ ಕಾಲದಲ್ಲಿ ಸಾಧನಗಳ ಅಭಾವವನ್ನು ಸರಕಾರವೇ ಲೆಕ್ಕಕ್ಕೆ ತರಬೇಕಾಯಿತು. 2020ರ ಆಗಸ್ಟಿನಲ್ಲಿ ಆರಂಭವಾದ ‘ವಿದ್ಯಾಗಮ’ದಲ್ಲಿ ಮಕ್ಕಳನ್ನು ಯಾವ ಸಾಧನವೂ ಇಲ್ಲದವರು, ಸಾಧಾರಣ ಮೊಬೈಲ್ ಉಳ್ಳವರು, ಸ್ಮಾರ್ಟ್‌ಫೋನ್ ಅಥವಾ ಕಂಪ್ಯೂಟರ್ ಉಳ್ಳವರು ಎಂದು ಮೂರು ಕಾಲ್ಪನಿಕ ಕೊಠಡಿಗಳಾಗಿ ವಿಂಗಡಿಸಿ, ಮೊದಲನೆಯ ಕೊಠಡಿಯ ಮಕ್ಕಳಿಗೆ ಗುರುಗಳೇ ಓಣಿಯ ಗುಡಿಯ ಕಟ್ಟೆಗೋ ಮರದ ನೆರಳಿಗೋ ಹೋಗಿ ಪಾಠ ಹೇಳಿದರು. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಆ ವರ್ಷ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 1522 ಸರಕಾರಿ ಶಾಲೆಗಳಲ್ಲಿ ನಡೆಸಿದ ಅಧ್ಯಯನದ ಪ್ರಕಾರ ಶೇ. 60ಕ್ಕಿಂತ ಹೆಚ್ಚಿನ ಮಕ್ಕಳಿಗೆ ಆನ್‌ಲೈನ್ ಪಾಠವು ನಿಲುಕಲೇ ಇಲ್ಲ. ಗ್ರಾಮೀಣ ಭಾರತವನ್ನು ಕುರಿತ 2021ರ ‘ಅಸರ್’ ವರದಿಯ ಪ್ರಕಾರ ಶೇ. 67.6ರಷ್ಟು ಮಕ್ಕಳ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದ್ದಿತಾದರೂ ಅಂಥ ಮನೆಗಳ ಕಾಲುಭಾಗಕ್ಕೂ ಮಿಕ್ಕ ಮಕ್ಕಳ ಕೈಗೆ ಅದು ಬರುತ್ತಿರಲಿಲ್ಲ. ಕಾರಣವು ಗೂಢವಾದುದಲ್ಲ. ಮನೆಯ ಒಂದೇ ಫೋನು ಯಜಮಾನನ ಕಿಸೆಯಲ್ಲಿ ಹೊಲಕ್ಕೆ ಹೋಗುತ್ತದೆ. ದುಡಿಯಲೆಂದು ಗೋವಾಕ್ಕೋ ಮಂಗಳೂರಿಗೋ ಗುಳೆ ಹೋದ ಮನೆಗಳಲ್ಲಿ ಫೋನೂ ಗುಳೆ ಹೋಗುತ್ತದೆ, ಅಜ್ಜಿಯ ಬಳಿ ಉಳಿದ ಮಗುವಿಗೆ ಪಠ್ಯಪುಸ್ತಕದ ಪುಟದಲ್ಲಿ ಅಚ್ಚಾದ, ‘ದೀಕ್ಷಾ’ ಎಂಬ ಕಲಿಕಾ ಜಾಲತಾಣದ ಕ್ಯೂ.ಆರ್. ಸಂಕೇತವು ಬರಿಯ ಕಪ್ಪು ಚೌಕವಾಗಿ ಕಾಣಿಸುತ್ತದೆ.

ಶಾಲೆಯ ಒಳಗಾದರೂ ಯಂತ್ರವು ಯಾರ ಸೇವೆಯಲ್ಲಿದೆ ಎಂದು ನೋಡಿದರೆ, ಅದು ಮೊದಲು ಕಾರಕೂನನಾಗಿ ಬಂದು ಈಗಲೂ ಬಹುಪಾಲು ಕಾರಕೂನನೇ ಆಗಿರುವುದು ಗೋಚರವಾಗುತ್ತದೆ. ಸ್ಯಾಟ್ಸ್ ತಂತ್ರಾಂಶದಲ್ಲಿ ಮಕ್ಕಳ ವಿವರ, ಯು-ಡೈಸ್‌ನಲ್ಲಿ ಶಾಲೆಯ ವಿವರ, ಬಿಸಿಯೂಟದ ಲೆಕ್ಕ, ವಿದ್ಯಾರ್ಥಿವೇತನ, ಆಧಾರ್ ಜೋಡಣೆ, ವಾಟ್ಸಾಪ್ ಗುಂಪಿನಲ್ಲಿ ಮಧ್ಯಾಹ್ನದೊಳಗೆ ಕಳುಹಿಸಬೇಕಾದ ಮಾಹಿತಿ: ಇವೆಲ್ಲ ಮುಖ್ಯಗುರುಗಳ ಸ್ವಂತ ಫೋನಿನಲ್ಲಿ, ಸ್ವಂತ ಡೇಟಾದಲ್ಲಿ ನಡೆಯುತ್ತವೆ. ಇಬ್ಬರೇ ಇರುವ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಬ್ಬರು ಈ ಕೆಲಸಕ್ಕೆ ಕೂತರೆಂದರೆ ಆ ಹೊತ್ತಿಗೆ ಅದು ಏಕೋಪಾಧ್ಯಾಯ ಶಾಲೆ. ಅಂಕಿಅಂಶಗಳು ನಿರರ್ಥಕವೆಂದು ನನ್ನ ಅಭಿಪ್ರಾಯವಲ್ಲ. ಆದರೆ ಕಲಿಕೆಯ ಹೆಸರಿನಲ್ಲಿ ಶಾಲೆಗೆ ಬಂದ ಯಂತ್ರವು ಗುರುವಿಗೆ ಎಷ್ಟು ನಿಮಿಷ ಕೊಟ್ಟಿತು, ಎಷ್ಟು ನಿಮಿಷ ಕಿತ್ತುಕೊಂಡಿತು ಎಂಬ ಜಮಾಖರ್ಚನ್ನು ಯಾರೂ ಬರೆದಿಡದಿರುವುದು ಸೋಜಿಗದ ಸಂಗತಿ.

ಈಗ ಕೊಠಡಿಯೊಳಕ್ಕೆ ಬರೋಣ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳ ಮಾದರಿಯಿಂದ ಪ್ರೇರಿತರಾದ ಸರಕಾರಿ ಶಿಕ್ಷಕರೇ ರೂಪಿಸಿದ, 2009–10ರಿಂದ ರಾಜ್ಯದ ಸರಕಾರಿ ಕನ್ನಡ ಶಾಲೆಗಳೆಲ್ಲಕ್ಕೂ ವಿಸ್ತರಿಸಿದ ನಲಿ-ಕಲಿಯು, ನನ್ನ ಮತದಲ್ಲಿ, ಬಡ ಶಾಲೆಗಾಗಿ ಈ ನಾಡಿನಲ್ಲಿ ಹುಟ್ಟಿದ ಶ್ರೇಷ್ಠವಾದ ತಂತ್ರ. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ನೆಲದ ಮೇಲೆ ಐದು ಗುಂಪುಗಳಾಗಿ ಕೂರುತ್ತಾರೆ. ಪ್ರತಿಯೊಂದು ಗುಂಪಿನ ನಡುವೆ ಒಂದು ತಟ್ಟೆ. ಮಗುವು ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲನ್ನು ಬೆರಳಿಟ್ಟು ಹುಡುಕಿ, ಅಲ್ಲಿಯ ಚಿತ್ರದ ಗುರುತನ್ನೇ ಹೊತ್ತ ಕಾರ್ಡನ್ನು ಆರಿಸಿಕೊಂಡು, ಆ ಕೆಲಸಕ್ಕೆ ಯಾವ ತಟ್ಟೆ ನಿಯತವೋ ಅಲ್ಲಿಗೆ ಹೋಗಿ ಕೂರುತ್ತದೆ. ಗುರುಗಳ ಪೂರ್ಣ ನೆರವು ಬೇಕಾದ ಗುಂಪು ಒಂದು, ಅರೆ ನೆರವಿನದು ಒಂದು, ಸಂಗಾತಿಗಳ ನೆರವಿನವು ಎರಡು, ತಾನೇ ಕಲಿಯುವ ಗುಂಪು ಒಂದು. ಎಂಟು ದಿನ ಜಾತ್ರೆಗೋ ಗುಳೆಗೋ ಹೋಗಿ ಬಂದ ಮಗುವು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ನೆತ್ತಿಯ ಮೇಲಿನ ಚಪ್ಪರದ ದಾರಕ್ಕೆ ತಾನು ಬರೆದ ಚಿತ್ರವನ್ನು ಸಿಕ್ಕಿಸುತ್ತದೆ.

ಇಂಥ ಕೊಠಡಿಗೆ ಪ್ರೊಜೆಕ್ಟರ್ ತಂದು ಸ್ಮಾರ್ಟ್ ಕ್ಲಾಸ್ ಎಂದು ಹೆಸರಿಟ್ಟಾಗ ಆಗುವುದೇನೆಂದರೆ, ಕಿಟಕಿಗಳಿಗೆ ಪರದೆ ಬೀಳುತ್ತದೆ, ಐದು ಗುಂಪುಗಳೂ ಕರಗಿ ಮಕ್ಕಳೆಲ್ಲ ಒಂದೇ ದಿಕ್ಕಿಗೆ ಮುಖಮಾಡಿ ಕೂರುತ್ತಾರೆ, ಒಂದನೆಯ ತರಗತಿಯ ಮಗುವೂ ಮೂರನೆಯದರ ಮಗುವೂ ಒಂದೇ ಪಾಠವನ್ನು ಒಂದೇ ವೇಗದಲ್ಲಿ ನೋಡುತ್ತಾರೆ. ಯಾವ ಸಾಮೂಹಿಕ ಬೋಧನೆಯ ಬಂಧದಿಂದ ನಲಿ-ಕಲಿಯು ಮಕ್ಕಳನ್ನು ಬಿಡಿಸಿತೋ ಅದೇ ಬಂಧವು ಅಧಿಕ ಬೆಲೆಯ ಸಲಕರಣೆಯ ರೂಪದಲ್ಲಿ ಮರಳಿದಂತಾಯಿತು. ಅದಕ್ಕೆ ಬದಲಾಗಿ, ಅಂತರ್ಜಾಲದ ಹಂಗಿಲ್ಲದ ಒಂದೆರಡು ಟ್ಯಾಬ್ಲೆಟ್‌ಗಳನ್ನು, ಎಲ್ಲರೂ ಒತ್ತಿದ ಹೊರತು ಮುಂದೆ ಸಾಗದೆಂಬ ಆ ಬೆಂಗಳೂರಿನ ನಿಯಮದೊಡನೆ, ಸಂಗಾತಿಗಳ ನೆರವಿನ ಒಂದು ತಟ್ಟೆಗೆ ಒಪ್ಪಿಸಿದರೆ, ಕಾರ್ಡು ಮಾಡಲಾರದ ಒಂದು ಕೆಲಸವನ್ನು ಅದು ಮಾಡಬಲ್ಲುದು: ಕಾರ್ಡಿಗೆ ಧ್ವನಿಯಿಲ್ಲ, ಯಂತ್ರಕ್ಕುಂಟು. ಓದಲು ತಡವರಿಸುವ ಮಗುವು ಪದವನ್ನು ಮುಟ್ಟಿದಾಗ ಅದರ ಉಚ್ಚಾರವನ್ನು ಕೇಳಬಹುದು, ಎಷ್ಟು ಸಲ ಕೇಳಿದರೂ ಗದರುವವರಿಲ್ಲ. ಆ ಧ್ವನಿಯು ಮಗುವಿನ ಗುರುಮಾತೆಯದೇ ಆಗಿರುವಂತೆ ಅವರ ಫೋನಿನಲ್ಲಿಯೇ ಮುದ್ರಿಸಿಕೊಳ್ಳುವುದು ಇಂದು ಅಸಾಧ್ಯವಲ್ಲ. ‘ಚಿಣ್ಣರ ಚುಕ್ಕಿ’, ‘ಕೇಳಿ ಕಲಿ’ ಮೊದಲಾದ ಆಕಾಶವಾಣಿಯ ಪಾಠಗಳಿಗೆ ಇಲ್ಲದಿದ್ದ ಅನುಕೂಲವಿದು. ಮನೆಯಲ್ಲಿ ಧಾರವಾಡದ ಕಡೆಯ ನುಡಿಯನ್ನಾಡುವ ಮಗುವಿಗೆ ಬೆಂಗಳೂರಿನ ಸ್ಟುಡಿಯೋದ ಉಚ್ಚಾರವೇ ಪ್ರಮಾಣವಾಗಬೇಕೆಂಬ ನಿರ್ಬಂಧವೂ ಇದರಿಂದ ತಪ್ಪುತ್ತದೆ.

ತಟ್ಟೆಯ ಗಾತ್ರದ ಯಂತ್ರವನ್ನು ನಾನು ಆಗ್ರಹಿಸುವುದಕ್ಕೆ ಭೌತಿಕ ಕಾರಣಗಳೂ ಇವೆ. ಬೇಸಿಗೆಯಲ್ಲಿ ಎರೆಯ ಹೊಲದಿಂದ ಏಳುವ ನುಣುಪಾದ ಧೂಳು ಪ್ರೊಜೆಕ್ಟರಿನ ಗಾಳಿಕಿಂಡಿಯನ್ನು ಮುಚ್ಚಿ ಅದರ ದೀಪವನ್ನು ಕಾಯಿಸುತ್ತದೆ. ವಿದ್ಯುತ್ತಿನ ಏರಿಳಿತವು ಉಳಿದುದನ್ನು ಮಾಡುತ್ತದೆ. ಇನ್ನು ಹೊಳೆ. 2019ರ ಆಗಸ್ಟಿನಲ್ಲಿ ನವಿಲುತೀರ್ಥದ ಅಣೆಕಟ್ಟೆಯಿಂದ ಬಿಟ್ಟ ನೀರು ಕೊಣ್ಣೂರನ್ನೂ ದಂಡೆಯ ಇತರ ಹಳ್ಳಿಗಳನ್ನೂ ಹೊಕ್ಕಿತು. ಗೋಡೆಗೆ ಬಿಗಿದ ಪರದೆಯನ್ನೂ ನೆಲಕ್ಕೆ ಕೂರಿಸಿದ ಯು.ಪಿ.ಎಸ್. ಬ್ಯಾಟರಿಯನ್ನೂ ರಾತ್ರೋರಾತ್ರಿ ಎತ್ತಿಕೊಂಡು ಹೋಗುವುದು ಸಾಧ್ಯವಿಲ್ಲ. ಟ್ಯಾಬ್ಲೆಟ್‌ಗಳನ್ನು ಹಾಜರಿಪುಸ್ತಕದೊಡನೆ ಒಂದೇ ಚೀಲದಲ್ಲಿ ಒಯ್ಯಬಹುದು.

ವೆಚ್ಚದ ಪ್ರಶ್ನೆಯಲ್ಲಿ ವಿದ್ಯುತ್ತಿನ ಬಿಲ್ಲಿನ ಭಾರವು ಕಡಿಮೆಯಾಗುವ ಆಶೆಯುಂಟು. ಸರಕಾರಿ ಶಾಲೆಗಳಿಗೆ ವಿದ್ಯುತ್ತೂ ನೀರೂ ಉಚಿತವೆಂದು 2023ರ ರಾಜ್ಯೋತ್ಸವದಂದು ಮುಖ್ಯಮಂತ್ರಿಗಳು ಘೋಷಿಸಿದರು. ಸೆಲ್ಕೋದಂಥ ಸಂಸ್ಥೆಗಳು ಸೌರವಿದ್ಯುತ್ತಿನಿಂದ ನಡೆಯುವ ಪಾಠಸಾಧನಗಳನ್ನು ಕರ್ನಾಟಕದ ಶಾಲೆಗಳಿಗೆ ಒದಗಿಸಿವೆ. ಆದರೆ ಸೌರಫಲಕವು ದೀರ್ಘಾಯುವಾದರೂ ಅದರ ಬ್ಯಾಟರಿಯು ಮೂರರಿಂದ ಐದು ವರ್ಷಗಳಲ್ಲಿ ಸಾಯುತ್ತದೆ, ದಾನಿಗಳ ಉದ್ಘಾಟನಾ ಸಮಾರಂಭವು ಅದಕ್ಕಿಂತ ಮೊದಲೇ ಮರೆತುಹೋಗಿರುತ್ತದೆ. ಸಮಗ್ರ ಶಿಕ್ಷಣ ಯೋಜನೆಯ ಸಂಯುಕ್ತ ಅನುದಾನವು 30ರೊಳಗೆ ಮಕ್ಕಳಿರುವ ಶಾಲೆಗೆ ವರ್ಷಕ್ಕೆ 10,000 ರೂಪಾಯಿ, 100ರವರೆಗಿನದಕ್ಕೆ 25,000. ಬಳಪ, ಸುಣ್ಣಬಣ್ಣ, ಶೌಚಾಲಯದ ಶುಚಿತ್ವ, ಒಡೆದ ನಲ್ಲಿ, ಎಲ್ಲಕ್ಕೂ ಅದೇ. ಹೊಸ ಬ್ಯಾಟರಿಯೊಂದು ಚಿಕ್ಕ ಶಾಲೆಯ ಇಡೀ ವರ್ಷದ ಅನುದಾನವನ್ನು ನುಂಗಿಬಿಡಬಹುದಾದುದರಿಂದ, ಯಂತ್ರವನ್ನು ಮಂಜೂರು ಮಾಡುವ ಆದೇಶದಲ್ಲಿಯೇ ನಾಲ್ಕನೆಯ ವರ್ಷದ ದುರಸ್ತಿಯ ಹಣವನ್ನೂ ತಾಲೂಕಿನಲ್ಲಿ ಅದನ್ನು ಮಾಡತಕ್ಕ ವ್ಯಕ್ತಿಯನ್ನೂ ನಮೂದಿಸುವ ಕ್ರಮವು ಬರಬೇಕು.

ಮುಂದಿನ ಸಂಶೋಧನೆಗೆ ನಾನು ಬೇಡುವುದು ದೊಡ್ಡ ಸಮೀಕ್ಷೆಯನ್ನಲ್ಲ, ಒಂದು ವಹಿಯನ್ನು. ಕೊಣ್ಣೂರಿನ ಸುತ್ತಣ ಶಾಲೆಗಳಲ್ಲಿ ಜೂನಿನಿಂದ ಏಪ್ರಿಲಿನವರೆಗೆ ಒಂದು ಶೈಕ್ಷಣಿಕ ವರ್ಷ, ಯಂತ್ರವು ಆ ದಿನ ನಡೆಯಿತೆ, ನಡೆಯದಿದ್ದರೆ ಕರೆಂಟೇ, ಧೂಳೇ, ಹೊಳೆಯೇ, ಗುರುಗಳಿಗೆ ಬಂದ ಬೇರೆ ಕೆಲಸವೇ, ನಡೆದಿದ್ದರೆ ಯಾವ ತಟ್ಟೆಯ ಯಾವ ಮಕ್ಕಳ ಕೈಗೆ ಎಷ್ಟು ನಿಮಿಷ ಸಿಕ್ಕಿತು, ಅದರಲ್ಲಿ ಹೆಣ್ಣುಮಕ್ಕಳೆಷ್ಟು ಎಂದು ಪ್ರತಿದಿನ ಒಂದು ಸಾಲು ಬರೆದಿಡಬೇಕು; ಎದುರಿನ ಪುಟದಲ್ಲಿ, ಅದೇ ದಿನ ಸ್ಯಾಟ್ಸ್ ಮೊದಲಾದ ಕೆಲಸಗಳಿಗೆ ಗುರುಗಳ ಫೋನಿನಲ್ಲಿ ಕಳೆದ ನಿಮಿಷಗಳನ್ನು. ಬರೆಯುವ ಕೆಲಸವು ಕಾಗದದ ಮೇಲೆಯೇ ನಡೆಯಲಿ. ಅದಕ್ಕೂ ಒಂದು ಆ್ಯಪ್ ಹೊರಡಿಸಿದರೆ ಎದುರಿನ ಪುಟದ ಮೊತ್ತವು ವೃಥಾ ಬೆಳೆದೀತು.