ನಿಮ್ಮ ಕಾಫಿ ಹೇಗಿರಬೇಕು?



ಮುಂಬಯಿಯ ಮಾಟುಂಗದಲ್ಲೋ ಚೆನ್ನೈನ ಮೈಲಾಪುರದಲ್ಲೋ ಬೆಳಗಿನ ಹೊತ್ತು ಹೋಟೆಲಿನಲ್ಲಿ ಹತ್ತು ನಿಮಿಷ ಸುಮ್ಮನೆ ಕುಳಿತು ಕಿವಿಗೊಟ್ಟು ನೋಡಿ. "ಒಂದು ಸ್ಟ್ರಾಂಗ್", "ನನಗೆ ಲೈಟು", "ಸಕ್ಕರೆ ಬೇರೆ ಕೊಡಪ್ಪ", "ಹಾಲು ಕಮ್ಮಿ, ಡಿಕಾಕ್ಷನ್ ಜಾಸ್ತಿ", "ಬಿಸಿ ಇರಲಿ, ಹೊಗೆ ಬರ್ತಾ ಇರ್ಬೇಕು". ಮಾಣಿ ಏನನ್ನೂ ಬರೆದುಕೊಳ್ಳುವುದಿಲ್ಲ, ಆದರೆ ಯಾರ ಲೋಟವೂ ಅದಲುಬದಲಾಗುವುದಿಲ್ಲ. ಮನೆಯಲ್ಲೂ ಇದೇ ಕಥೆ. ತಾತನಿಗೆ ಚಿಕೋರಿ ಇಲ್ಲದೆ ಆಗದು, ಮೊಮ್ಮಗಳಿಗೆ ಚಿಕೋರಿ ಇದ್ದರೆ ಆಗದು. ಸೊಸೆಗೆ ಸಕ್ಕರೆ ಬೇಡ, ಅತ್ತೆಗೆ ಸಕ್ಕರೆ ಇಲ್ಲದ ಕಾಫಿ ಎಂದರೆ ಕಷಾಯ.

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆ ನಮಗೆಲ್ಲ ಗೊತ್ತು. ಕಾಫಿಯೂ ತನ್ನಿಚ್ಛೆಯೇ ಎಂದು ನಾವು ಅಂದುಕೊಂಡಿದ್ದೇವೆ. ಆದರೆ ಈ ಪಾನೀಯದ ಚರಿತ್ರೆಯನ್ನು ಸ್ವಲ್ಪ ಕೆದಕಿದರೆ, ನಮ್ಮ ಇಚ್ಛೆಯ ಹಿಂದೆ ಹಡಗುಗಳು, ಗಿಡಕ್ಕೆ ಬಂದ ರೋಗ, ಮಹಾಯುದ್ಧ, ಸರ್ಕಾರದ ಕಾಯಿದೆ, ಜಾತಿಯ ಬೋರ್ಡು ಎಲ್ಲವೂ ಕಾಣಸಿಗುತ್ತವೆ. ಅಷ್ಟೇ ಅಲ್ಲ, "ನನಗೆ ಹೀಗೆ ಬೇಕು" ಎಂದು ಹೋಟೆಲಿನಲ್ಲಿ ಕುಳಿತು ಹೇಳುವ ಹಕ್ಕು ಎಲ್ಲರಿಗೂ ಒಟ್ಟಿಗೆ ಬಂದದ್ದಲ್ಲ ಎಂಬುದೂ ತಿಳಿಯುತ್ತದೆ.

ಮೊದಲಿನಿಂದ ಬರೋಣ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸೂಫಿ ಸಂತರು ಯೆಮೆನ್ ದೇಶದಿಂದ ಏಳು ಕಾಫಿ ಬೀಜಗಳನ್ನು ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯ ನಮಗೆಲ್ಲ ಪರಿಚಿತ. ಆ ಗಿರಿಗೆ ಅವರದೇ ಹೆಸರು ಉಳಿದಿದೆ. ಆದರೆ ಅಂದಿನ ಯೆಮೆನ್ನಿನ ಕಾಫಿಯನ್ನು ಇಂದು ನಮ್ಮ ಮುಂದಿಟ್ಟರೆ ನಾವು ಗುರುತಿಸುವುದೂ ಅನುಮಾನ. ಅದಕ್ಕೆ ಹಾಲಿಲ್ಲ. ಬೀಜ ಬಿಟ್ಟು ಹಣ್ಣಿನ ಒಣಸಿಪ್ಪೆಯನ್ನೇ ಶುಂಠಿಯೊಂದಿಗೆ ಕುದಿಸಿ ಕುಡಿಯುವ ರೂಢಿಯೂ ಅಲ್ಲಿತ್ತು, ಇಂದಿಗೂ ಇದೆ. ಉತ್ತರ ಭಾರತದಲ್ಲೂ ಮೊಗಲರ ಕಾಲಕ್ಕೆ ಕಾಫಿ ಗೊತ್ತಿತ್ತು. ದೆಹಲಿಯ ಕೇಳುಗರು ಗಮನಿಸಬೇಕು: ಹದಿನೆಂಟನೆಯ ಶತಮಾನದ ಚಾಂದನಿ ಚೌಕದಲ್ಲಿ ಕಹ್ವಾಖಾನೆಗಳಿದ್ದು, ಅಲ್ಲಿ ಕವಿಗಳು ಸೇರಿ ಪದ್ಯ ಓದುತ್ತಿದ್ದರು. ಆಮೇಲೆ ಆ ಪರಂಪರೆ ಕಮರಿತು. ದೆಹಲಿ ಚಹಾದ ಊರಾಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷರು ಮಲೆನಾಡು, ಕೊಡಗುಗಳಲ್ಲಿ ಕಾಡು ಕಡಿದು ದೊಡ್ಡ ತೋಟಗಳನ್ನು ಎಬ್ಬಿಸಿದರು. ಅದು ನಾವು ಕುಡಿಯಲೆಂದು ಅಲ್ಲ. ಫಸಲು ಘಟ್ಟ ಇಳಿದು ಕರಾವಳಿಯ ಬಂದರುಗಳಿಂದ ಯೂರೋಪಿಗೆ ಹೋಗುತ್ತಿತ್ತು. ರುಚಿ ಎಂಬುದು ಎಂತಹ ಆಕಸ್ಮಿಕದಿಂದ ಹುಟ್ಟಬಹುದು ಎಂಬುದಕ್ಕೆ ಇಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಹಾಯಿಹಡಗು ಆಫ್ರಿಕಾ ಖಂಡವನ್ನು ಸುತ್ತಿಕೊಂಡು ಹೋಗಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಸಮುದ್ರದ ತೇವಕ್ಕೆ ಹಸಿರು ಬೀಜ ಊದಿಕೊಂಡು ಹಳದಿಗೆ ತಿರುಗುತ್ತಿತ್ತು, ಹುಳಿ ಕಡಿಮೆಯಾಗುತ್ತಿತ್ತು. ಅಲ್ಲಿನವರ ನಾಲಿಗೆ ಅದಕ್ಕೇ ಒಗ್ಗಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಹಬೆ ಹಡಗುಗಳು ಬೇಗ ಬೇಗ ಮುಟ್ಟಿಸತೊಡಗಿದವು. ಬೀಜ ಹಸಿರಾಗಿಯೇ ತಲುಪಿದಾಗ ಗಿರಾಕಿಗಳು "ಇದು ನಮ್ಮ ಕಾಫಿಯಲ್ಲ" ಎಂದರಂತೆ! ಕೊನೆಗೆ ಇಲ್ಲಿಯ ವರ್ತಕರು ಮಳೆಗಾಲದಲ್ಲಿ ಬೀಜವನ್ನು ಗೋದಾಮಿನಲ್ಲಿ ಹರಡಿ, ಕಡಲ ಗಾಳಿಗೆ ಒಡ್ಡಿ, ಆ ಹಳೆಯ ರುಚಿಯನ್ನು ಬೇಕೆಂದೇ ತರಿಸುವ ಉಪಾಯ ಕಂಡುಕೊಂಡರು ಎಂದು ಕಾಫಿ ವ್ಯಾಪಾರದವರು ಹೇಳುತ್ತಾರೆ. ಮಂಗಳೂರಿನಲ್ಲಿ ಇಂದಿಗೂ ತಯಾರಾಗುವ 'ಮಾನ್ಸೂನ್ಡ್ ಮಲಬಾರ್' ಇದೇ. ಒಂದು ಕಾಲದಲ್ಲಿ ಸರಕು ಕೆಟ್ಟದ್ದಾಗಿದ್ದು, ಮುಂದೆ ಅದೇ ಶ್ರೇಷ್ಠ ರುಚಿ ಎನಿಸಿಕೊಂಡಿತು.

ಅದೇ 1869ರಲ್ಲಿ ಸಿಂಹಳದ ತೋಟಗಳಲ್ಲಿ ಎಲೆಗಳ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಾಣಿಸಿಕೊಂಡಿತು. ಅದು ಎಲೆ ತುಕ್ಕು ರೋಗ. ಸಿಂಹಳದ ಕಾಫಿ ನಾಶವಾಗಿ ಆ ದ್ವೀಪ ಚಹಾಕ್ಕೆ ತಿರುಗಿಕೊಂಡಿತು. ರೋಗ ನಮ್ಮ ತೋಟಗಳಿಗೂ ಬಂತು. ಅರೇಬಿಕಾ ಸೂಕ್ಷ್ಮ ಗಿಡ, ಪರಿಮಳ ಹೆಚ್ಚು, ನವಿರಾದ ಹುಳಿ. ರೊಬಸ್ಟಾ ಗಟ್ಟಿ ಜೀವ, ರೋಗ ತಡೆಯುತ್ತದೆ, ಕಹಿ ಹೆಚ್ಚು, ಕೆಫೀನ್ ಕೂಡ ಹೆಚ್ಚು. ಇಪ್ಪತ್ತನೆಯ ಶತಮಾನದಲ್ಲಿ ರೊಬಸ್ಟಾ ಹಬ್ಬಿತು. ಇನ್ನೊಂದು ಕಡೆ 1925ರಲ್ಲಿ ಬಾಳೆಹೊನ್ನೂರಿನ ಬಳಿ ಶುರುವಾದ ಸಂಶೋಧನಾ ಕೇಂದ್ರದಿಂದ ತುಕ್ಕನ್ನು ಸ್ವಲ್ಪಮಟ್ಟಿಗೆ ತಾಳಿಕೊಳ್ಳುವ 'ಎಸ್. 795' ಎಂಬ ಅರೇಬಿಕಾ ತಳಿ ಬಂತು. ಇಂದು ದೇಶದ ಕಾಫಿಯಲ್ಲಿ ಶೇಕಡಾ 70ರಷ್ಟು ಕರ್ನಾಟಕದ್ದು, ಮತ್ತು ದೇಶದ ಒಟ್ಟು ಬೆಳೆಯಲ್ಲಿ ದೊಡ್ಡ ಪಾಲು ರೊಬಸ್ಟಾ. "ನಮಗೆ ಕಾಫಿ ಎಂದರೆ ಕಡಕ್ಕಾಗಿರಬೇಕು" ಎನ್ನುವವರ ನಾಲಿಗೆಗೂ ಎಲೆಯ ಮೇಲಿನ ಆ ತುಕ್ಕಿಗೂ ನಂಟಿದೆ.

ಇನ್ನು ನಮ್ಮ ಅಡಿಗೆಮನೆಗಳಿಗೆ ಕಾಫಿ ಬಂದ ಬಗೆ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಅದು ಮೆಲ್ಲಗೆ ಒಳಗೆ ಬಂತು. ಅಲ್ಲಿಯವರೆಗೆ ಬೆಳಗಿನ ಹೊತ್ತಿಗೆ ಗಂಜಿ, ಅಂಬಲಿ, ತಂಗಳನ್ನ, ಮಜ್ಜಿಗೆ. ಈ ಕಪ್ಪು ನೀರು ಚಟವಾದೀತು, ಮೈಗೆ ಉಷ್ಣ ಎಂದು ಹಿರಿಯರು ಗೊಣಗಿದರು, ಆಮೇಲೆ ತಾವೂ ಕುಡಿದರು. ಮಲೆನಾಡಿನಲ್ಲಿ, ಕೊಡಗಿನಲ್ಲಿ ಹಾಲಿಲ್ಲದ ಬೆಲ್ಲದ ಕಾಫಿ. ಮಳೆ ಹಿಡಿದ ಸಂಜೆ ಅದಕ್ಕೆ ಸಮನಾದದ್ದು ಇನ್ನೊಂದಿಲ್ಲ ಎನ್ನುವವರು ಈಗಲೂ ಇದ್ದಾರೆ. ಬಯಲುಸೀಮೆಯ ಪಟ್ಟಣಗಳಲ್ಲಿ ಗಟ್ಟಿ ಹಾಲು, ಡಿಕಾಕ್ಷನ್, ಸಕ್ಕರೆ. ಹಾಲು ಎಷ್ಟು ಗಟ್ಟಿ ಎಂಬುದೇ ಮನೆಯ ಮರ್ಯಾದೆಯ ಪ್ರಶ್ನೆಯಾಯಿತು. ಚೆನ್ನೈನವರು ಹೇಳುವ 'ಡಿಗ್ರಿ ಕಾಫಿ' ಎಂಬ ಹೆಸರು ಹಾಲಿಗೆ ನೀರು ಬೆರೆಸಿದ್ದಾರೆಯೇ ಎಂದು ಲ್ಯಾಕ್ಟೋಮೀಟರಿನಲ್ಲಿ ಡಿಗ್ರಿ ನೋಡುವ ಪದ್ಧತಿಯಿಂದ ಬಂತೆಂದು ಒಂದು ವಿವರಣೆ. ಇಲ್ಲ, ಚಿಕೋರಿ ಎಂಬುದೇ ಬಾಯಿಂದ ಬಾಯಿಗೆ ಹೋಗಿ 'ಡಿಗ್ರಿ' ಆಯಿತೆಂದು ಇನ್ನೊಂದು.

ಚಿಕೋರಿಯ ಮಾತು ಬಂತಲ್ಲ, ನಮ್ಮವರ ನಡುವೆ ಜಗಳ ಹಚ್ಚಲು ಇದೊಂದು ಶಬ್ದ ಸಾಕು. ಅದೊಂದು ಗಿಡದ ಬೇರು. ಹುರಿದು ಪುಡಿ ಮಾಡಿದರೆ ಕಾಫಿಯಂತೆಯೇ ಕಪ್ಪು ಬಣ್ಣ, ಸ್ವಲ್ಪ ಸಿಹಿಗಹಿ, ಆದರೆ ಕೆಫೀನ್ ಇಲ್ಲ. 1806ರಲ್ಲಿ ನೆಪೋಲಿಯನ್ ಇಂಗ್ಲೆಂಡಿನ ಸರಕು ಯೂರೋಪಿಗೆ ಬಾರದಂತೆ ತಡೆ ಹಾಕಿದಾಗ, ಕಾಫಿ ಸಿಗದ ಫ್ರಾನ್ಸಿನವರು ಈ ಬೇರಿನ ಮೊರೆ ಹೋದರು. ತಡೆ ತೆರವಾಯಿತು, ಆದರೆ ಅಭ್ಯಾಸ ಹೋಗಲಿಲ್ಲ. ನಮ್ಮಲ್ಲೂ ಅದು ಬೆಲೆ ಇಳಿಸುವ ದಾರಿಯಾಯಿತು. ಕಡಿಮೆ ಕಾಫಿಯಲ್ಲಿ ಗಟ್ಟಿ, ಕಪ್ಪು ಡಿಕಾಕ್ಷನ್ ಇಳಿಯುತ್ತದೆ, ಧಾರಾಳವಾಗಿ ಹಾಲು ಸುರಿದರೂ ಬಣ್ಣ ಕೆಡುವುದಿಲ್ಲ. ಕಾಯಿದೆಯ ಪ್ರಕಾರ ಮಿಶ್ರಣದಲ್ಲಿ ಕಾಫಿ ಶೇಕಡಾ 51ಕ್ಕಿಂತ ಕಡಿಮೆ ಇರುವಂತಿಲ್ಲ, ಪ್ರಮಾಣವನ್ನು ಪೊಟ್ಟಣದ ಮೇಲೆ ಬರೆಯಲೇಬೇಕು. ಕೊಳ್ಳುವಾಗ ಒಮ್ಮೆ ಓದಿ ನೋಡಿ. ಚಿಕೋರಿ ಬೆರೆತದ್ದು ಕಲಬೆರಕೆ ಎಂದು ಮೂಗು ಮುರಿಯುವವರಿಗೆ ಒಂದು ಮಾತು: ತಿಂಗಳ ಕೊನೆಯಲ್ಲಿ ಮನೆಗೆ ಬಂದ ನೆಂಟರಿಗೆ ಇಲ್ಲವೆನ್ನದೆ ಕಾಫಿ ಕೊಟ್ಟ ಎಷ್ಟೋ ಗೃಹಿಣಿಯರ ಮಾನ ಉಳಿಸಿದ್ದು ಅದೇ ಚಿಕೋರಿ.

ಈಗ ಸರ್ಕಾರದ ಪಾತ್ರ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕಾಫಿಯ ಬೆಲೆ ಬಿದ್ದಾಗ, ದೇಶದೊಳಗೇ ಕುಡಿಯುವವರನ್ನು ಹೆಚ್ಚಿಸಬೇಕೆಂಬ ಯೋಚನೆ ಬಂತು. 1935ರಲ್ಲಿ ಕಾಫಿ ಸೆಸ್ ಸಮಿತಿ ರಚನೆಯಾಯಿತು. ಅದರ ಮೊದಲ 'ಇಂಡಿಯಾ ಕಾಫಿ ಹೌಸ್' 1936ರಲ್ಲಿ ತೆರೆದದ್ದು ಎಲ್ಲಿ ಗೊತ್ತೇ? ಬೆಂಗಳೂರಿನಲ್ಲಲ್ಲ, ಮುಂಬಯಿಯ ಚರ್ಚ್‌ಗೇಟಿನಲ್ಲಿ! ಚಹಾದವರು ಆಗಲೇ ಉತ್ತರದಲ್ಲೆಲ್ಲ ಪ್ರಚಾರ ಮಾಡಿ ಗೆದ್ದಿದ್ದರು. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಮಾರುಕಟ್ಟೆ ಮುಚ್ಚಿದಾಗ 1942ರ ಕಾಫಿ ಕಾಯಿದೆ ಬಂತು. ಬೆಳೆಗಾರ ತನ್ನ ಫಸಲನ್ನು ಕಾಫಿ ಬೋರ್ಡಿನ 'ಪೂಲ್'ಗೆ ಒಪ್ಪಿಸಬೇಕು, ಬೋರ್ಡು ಹರಾಜು ಹಾಕಿ ಮಾರುತ್ತದೆ. ಯುದ್ಧದ ತುರ್ತಿಗೆ ಬಂದ ಈ ವ್ಯವಸ್ಥೆ ಅರ್ಧ ಶತಮಾನ ನಡೆಯಿತು. ರಫ್ತಿಗೊಂದು ಹರಾಜು, ಒಳನಾಡಿಗೊಂದು ಹರಾಜು. ನಮ್ಮ ತಂದೆತಾಯಂದಿರ ಕಾಲದಲ್ಲಿ ಯಾವ ತೋಟದ ಕಾಫಿ ಎಂದು ಯಾರೂ ಕೇಳುತ್ತಿರಲಿಲ್ಲ, ಏಕೆಂದರೆ ಎಲ್ಲ ತೋಟದ್ದೂ ಒಂದೇ ರಾಶಿ. ಪುಡಿ ಅಂಗಡಿಯಲ್ಲಿ ಉಳಿದ ಆಯ್ಕೆ ಎಂದರೆ ಪೀಬೆರಿಯೋ ಪ್ಲಾಂಟೇಶನ್ನೋ, ಚಿಕೋರಿ ಎಷ್ಟು ಎಂಬುದಷ್ಟೇ. ಹಣ್ಣಿನೊಳಗೆ ಎರಡು ಬೇಳೆಯ ಬದಲು ಒಂದೇ ದುಂಡನೆಯ ಬೀಜ ಇದ್ದರೆ ಅದು ಪೀಬೆರಿ.

ಇನ್ನು ಲೋಟದ ವಿಷಯ. ತುಟಿಗೆ ತಾಗಿಸದೆ ಎತ್ತಿ ಕುಡಿಯುವುದು ನಮ್ಮ ಹಿರಿಯರಲ್ಲಿ ಹಲವರ ಪದ್ಧತಿ. ಅಂಚು ಮಡಿಸಿದ ಲೋಟ ಬಿಸಿಯಲ್ಲೂ ಕೈಗೆ ಸಿಗುತ್ತದೆ, ಬಟ್ಟಲಿಗೆ ಸುರಿದು ಆರಿಸಿದರೆ ನೊರೆಯೂ ಬರುತ್ತದೆ. ನೋಡಲು ಚೆಂದ. ಆದರೆ ಎತ್ತಿ ಕುಡಿಯುವುದರ ಹಿಂದೆ ಎಂಜಲು, ಮಡಿ, ಮೈಲಿಗೆ ಇವೆ. ಹೋಟೆಲುಗಳಲ್ಲಿ ಇದು ಇನ್ನಷ್ಟು ಕಟುವಾಗಿತ್ತು. 'ಬ್ರಾಹ್ಮಣರ ಕಾಫಿ ಹೋಟೆಲ್' ಎಂಬ ಬೋರ್ಡುಗಳು, ಒಳಗೆ ಕೂರಲು ಬೇರೆ ಜಾಗ, ಎಷ್ಟೋ ಜನರಿಗೆ ಒಳಗೆ ಪ್ರವೇಶವೇ ಇಲ್ಲ. ಮದ್ರಾಸ್ ಪ್ರಾಂತ್ಯದ ರೈಲು ನಿಲ್ದಾಣಗಳ ಊಟದ ಕೋಣೆಗಳಲ್ಲೂ ಬೇರೆ ಬೇರೆ ಪಂಕ್ತಿ ಇತ್ತು. ಚಳವಳಿಯ ನಂತರ 1941ರಲ್ಲಿ ಅದು ಹೋಯಿತು. ಸಂವಿಧಾನ ಅಸ್ಪೃಶ್ಯತೆಯನ್ನು ರದ್ದು ಮಾಡಿತು, ಅಂಗಡಿ ಹೋಟೆಲುಗಳು ಎಲ್ಲರಿಗೂ ತೆರೆದಿರಬೇಕೆಂದು ಹೇಳಿತು. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಬಂತು. ಆದರೂ 1957ರಲ್ಲಿ ಮದ್ರಾಸಿನ ತಿರುವಲ್ಲಿಕೇಣಿಯ ಒಂದು ಹೋಟೆಲಿನ ಹೆಸರಿನಿಂದ 'ಬ್ರಾಹ್ಮಣ' ಎಂಬ ಪದ ತೆಗೆಸಲು ಪೆರಿಯಾರರ ಅನುಯಾಯಿಗಳು ದಿನವೂ ಸತ್ಯಾಗ್ರಹ ಮಾಡಬೇಕಾಯಿತು. ಹಳ್ಳಿಯ ಕೆಲವು ಚಹಾ ಅಂಗಡಿಗಳಲ್ಲಿ ದಲಿತರಿಗೆಂದೇ ಬೇರೆ ಲೋಟ ಇಡುವ ಅನಿಷ್ಟ ಕಾಯಿದೆಯ ನಂತರವೂ ಬಹುಕಾಲ ಉಳಿದಿತ್ತು. ಸ್ಟ್ರಾಂಗೋ ಲೈಟೋ ಎಂಬ ಪ್ರಶ್ನೆ ಹುಟ್ಟುವುದು ಒಳಗೆ ಬಂದು ಕುಳಿತ ಮೇಲೆ ತಾನೆ?

ನಮ್ಮವರು ದೂರದ ಊರುಗಳಿಗೆ ಕಟ್ಟಿಕೊಂಡು ಹೋದ ಹೋಟೆಲುಗಳನ್ನು ಈ ಬೆಳಕಿನಲ್ಲಿ ನೋಡಬೇಕು. ಕೆ. ಕೃಷ್ಣರಾಯರು ಮದ್ರಾಸಿನಲ್ಲಿ 1938ರಲ್ಲಿ ತೆರೆದ ವುಡ್‌ಲ್ಯಾಂಡ್ಸ್, ಎ. ರಾಮ ನಾಯಕರು ಮಾಟುಂಗದಲ್ಲಿ 1942ರಲ್ಲಿ ಶುರು ಮಾಡಿದ ಉಡುಪಿ ಹೋಟೆಲು, ಪುಣೆಯಲ್ಲಿ ಜಗನ್ನಾಥ ಶೆಟ್ಟರ ವೈಶಾಲಿ. ಊರಿನ ರುಚಿ ಅರಸಿ ಬಂದವರ ಜೊತೆಗೆ, ದೊಡ್ಡ ನಗರದಲ್ಲಿ ಯಾರು ಯಾವ ಜಾತಿ ಎಂದು ಕೇಳಲು ಪುರುಸೊತ್ತಿಲ್ಲದ ಗಿರಾಕಿಗಳೂ ಅಲ್ಲಿ ಒಂದೇ ಮೇಜಿಗೆ ಕುಳಿತರು. ಅತ್ತ ಬೋರ್ಡು ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ, ಕೆಲಸ ಕಳೆದುಕೊಂಡವರು ಎ.ಕೆ. ಗೋಪಾಲನ್ ಅವರ ಮಾರ್ಗದರ್ಶನದಲ್ಲಿ ಸಹಕಾರ ಸಂಘ ಕಟ್ಟಿದರು. ಮೊದಲ ಸಂಘ 1957ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ. ಅದೇ ವರ್ಷ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ನೌಕರರದೇ ಕಾಫಿ ಹೌಸ್ ತೆರೆಯಿತು. ಒಂದು ಕಪ್ಪು ಮುಂದಿಟ್ಟುಕೊಂಡು ಗಂಟೆಗಟ್ಟಲೆ ಕುಳಿತರೂ ಎಬ್ಬಿಸದ ಜಾಗ ಅದು. ಬೆಂಗಳೂರಿನ 'ಬೈ ಟೂ', ಮುಂಬಯಿಯ 'ಕಟಿಂಗ್' ಇವೂ ಅದೇ ಮನೋಭಾವದವು. ಜೇಬಿನಲ್ಲಿ ಕಾಸು ಕಮ್ಮಿ, ಮಾತು ಜಾಸ್ತಿ.

ಪೂಲ್ ವ್ಯವಸ್ಥೆ 1990ರ ದಶಕದಲ್ಲಿ ಹಂತಹಂತವಾಗಿ ಸಡಿಲವಾಗಿ 1996ರಲ್ಲಿ ಪೂರ್ತಿ ಹೋಯಿತು. ಅದೇ ವರ್ಷ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ಬಂತು. 2012ರಲ್ಲಿ ಮುಂಬಯಿಗೆ ಸ್ಟಾರ್‌ಬಕ್ಸ್ ಬಂತು. ಈಗ ತೋಟದ ಹೆಸರು, ಹುರಿದ ದಿನಾಂಕ ಎಲ್ಲವೂ ಪೊಟ್ಟಣದ ಮೇಲಿರುತ್ತವೆ. ಬೆಳೆಗಾರ ತನ್ನ ಹೆಸರಿನಲ್ಲೇ ಮಾರಬಹುದು, ಬೆಲೆ ಬಿದ್ದರೆ ಅದರ ಪೆಟ್ಟನ್ನೂ ತಾನೇ ತಿನ್ನಬೇಕು. ನಮಗೆ ಮಾತ್ರ ಹಿಂದೆಂದೂ ಇಲ್ಲದಷ್ಟು ಆಯ್ಕೆ. ಒಂದೇ ಮನೆಯಲ್ಲಿ ಹಿತ್ತಾಳೆಯ ಫಿಲ್ಟರೂ ಇದೆ, ಇನ್‌ಸ್ಟಂಟ್ ಡಬ್ಬಿಯೂ ಇದೆ.

ಹಾಗಾಗಿ ಮುಂದಿನ ಸಲ ಯಾರಾದರೂ "ಚಿಕೋರಿ ಹಾಕಿದ್ದು ಕಾಫಿಯೇ ಅಲ್ಲ" ಎಂದೋ, "ಹಾಲಿಲ್ಲದ್ದು ಕಾಫಿಯೇ ಅಲ್ಲ" ಎಂದೋ ವಾದಕ್ಕೆ ನಿಂತರೆ ಸ್ವಲ್ಪ ತಾಳ್ಮೆ ಇರಲಿ. ಅವರ ಲೋಟದಲ್ಲಿ ಅವರ ಮನೆಯ ಅನುಕೂಲ, ಅನನುಕೂಲಗಳ ಕಥೆ ಇರುತ್ತದೆ, ನಮ್ಮದರಲ್ಲಿ ನಮ್ಮದು. ಮನೆಗೆಲಸಕ್ಕೆ ಬರುವಾಕೆಗೆ ಕಾಫಿ ಕೊಡುವಾಗ ಅದು ಯಾವ ಲೋಟದಲ್ಲಿ ಹೋಗುತ್ತದೆ ಎಂಬುದನ್ನು ಮಾತ್ರ ನಾವೆಲ್ಲ ಒಮ್ಮೆ ನೋಡಿಕೊಳ್ಳೋಣ. ಅವರಿಗೆ ಸಕ್ಕರೆ ಎಷ್ಟು ಬೇಕು ಎಂದು ಕೇಳಿದ್ದೇವೆಯೇ?

ನಿಮ್ಮ ಮನೆಯ ಕಾಫಿಯ ಬಗೆ ಯಾವುದು, ಅದು ಯಾರಿಂದ ಬಂತು, ನೆನಪಿದ್ದರೆ ನಮಗೆ ಬರೆದು ತಿಳಿಸಿ. ಡಿಕಾಕ್ಷನ್ ಇಳಿಯುವಷ್ಟು ಹೊತ್ತು ಸಾಕು.